ಕಣ್ಣು ಮುಚ್ಚುವುದಕ್ಕೂ ಬೀಗ ಜಡಿಯುವುದಕ್ಕೂ ನಡುವೆ

ಮದ್ಯ ಮಾರುವ, ತಡರಾತ್ರಿ ಬಿಸಿ ಊಟ ಕೊಡುವ ಅಥವಾ ಸಂಗೀತ ನಡೆಸುವ ಜಾಗದ ಪರವಾನಗಿಯ ಬಗ್ಗೆ ತಕರಾರು ಎದ್ದಾಗ ಅದನ್ನು ಯಾರು, ಎಲ್ಲಿ ಕುಳಿತು, ಯಾವ ಆಧಾರದ ಮೇಲೆ ಇತ್ಯರ್ಥ ಮಾಡಬೇಕು? ಲಂಡನ್ನಿನಲ್ಲಿ ನೆಲೆಸಿದ ಮೇಲೆ ಈ ಪ್ರಶ್ನೆ ನನಗೆ ಬೆಂಗಳೂರಿನ ಪ್ರಶ್ನೆಯಾಗಿಯೇ ಮತ್ತೆ ಮತ್ತೆ ಎದುರಾಗಿದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಉತ್ತರ 2003ರ ಲೈಸೆನ್ಸಿಂಗ್ ಕಾಯ್ದೆಯಲ್ಲಿದೆ. ಆ ಕಾಯ್ದೆಯ ಪ್ರಕಾರ ಸ್ಥಳೀಯ ಕೌನ್ಸಿಲ್ ನಾಲ್ಕೇ ವಿಷಯಗಳನ್ನು ಮುಂದಿಟ್ಟುಕೊಂಡು ತೀರ್ಮಾನಿಸಬೇಕು: ಅಪರಾಧ ಮತ್ತು ಗಲಭೆಯ ತಡೆ, ಸಾರ್ವಜನಿಕ ಸುರಕ್ಷತೆ, ನೆರೆಹೊರೆಯವರಿಗೆ ಉಪದ್ರವವಾಗದಂತೆ ನೋಡಿಕೊಳ್ಳುವುದು, ಮಕ್ಕಳನ್ನು ಹಾನಿಯಿಂದ ಕಾಪಾಡುವುದು. ಕುಡಿತವೇ ತಪ್ಪು ಎಂಬ ನಂಬಿಕೆಯಾಗಲಿ, ಪಕ್ಕದ ಅಂಗಡಿಯವನ ವ್ಯಾಪಾರ ಕಡಿಮೆಯಾಗುತ್ತದೆ ಎಂಬ ಅಳಲಾಗಲಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿ ಹಾಕಿದವರು ತಿಳಿನೀಲಿ ಕಾಗದದ ಮೇಲೆ ಅದರ ವಿವರ ಮುದ್ರಿಸಿ, ದಾರಿಹೋಕರಿಗೆ ಕಾಣುವಂತೆ ಬಾಗಿಲ ಬಳಿ 28 ದಿನ ಅಂಟಿಸಿರಬೇಕು. ಪೊಲೀಸರು, ಅಗ್ನಿಶಾಮಕ ದಳದವರು, ಪರಿಸರ ಆರೋಗ್ಯ ಅಧಿಕಾರಿಗಳು ಮಾತ್ರವಲ್ಲ, ಯಾರು ಬೇಕಾದರೂ ಆ ಅವಧಿಯಲ್ಲಿ ಆಕ್ಷೇಪ ಬರೆದು ಕಳಿಸಬಹುದು. ಆಕ್ಷೇಪ ಬಂದು, ಮಾತುಕತೆಯಲ್ಲಿ ಬಗೆಹರಿಯದಿದ್ದರೆ, ಮೂವರು ಚುನಾಯಿತ ಸದಸ್ಯರ ಉಪಸಮಿತಿ ಬಹಿರಂಗವಾಗಿ ವಿಚಾರಣೆ ನಡೆಸುತ್ತದೆ. ನಮ್ಮ ಬಡಾವಣೆಯ ಒಂದು ಸಣ್ಣ ಹೋಟೆಲು ರಾತ್ರಿ ಎರಡು ಗಂಟೆಯವರೆಗೆ ತೆರೆದಿರಲು ಅನುಮತಿ ಕೇಳಿದಾಗ ಅಂಥ ವಿಚಾರಣೆಯಲ್ಲಿ ಕುಳಿತಿದ್ದೆ. ಅಧ್ಯಕ್ಷೆ ಮಾಲೀಕನಿಗೆ ಕೇಳಿದ ಮೊದಲ ಪ್ರಶ್ನೆ ಹಿಂಬಾಗಿಲಿನ ಬಗ್ಗೆ: ಅದು ಯಾವ ಕಡೆಗೆ ತೆರೆಯುತ್ತದೆ, ಅದರ ಮುಂದೆ ಖಾಲಿ ಕ್ರೇಟುಗಳನ್ನು ಪೇರಿಸಿಟ್ಟಿದ್ದೀರಾ? ಎದುರು ಮನೆಯ ವೃದ್ಧೆಯೊಬ್ಬರು, ರಾತ್ರಿ ಟ್ಯಾಕ್ಸಿಗೆ ಕಾಯುವವರು ಎಲ್ಲಿ ನಿಲ್ಲುತ್ತಾರೆ ಎಂದು ಕೇಳಿದರು. ಕೊನೆಗೆ ಅನುಮತಿ ಸಿಕ್ಕಿತು, ಆದರೆ ಒಂದು ಗಂಟೆ ಮೊದಲೇ ಮುಚ್ಚಬೇಕು, ಒಳಗೆ ಇಂತಿಷ್ಟೇ ಜನ ಇರಬೇಕು, ಹಿಂಬಾಗಿಲ ದಾರಿಯನ್ನು ದಿನವೂ ಪರಿಶೀಲಿಸಿ ಪುಸ್ತಕದಲ್ಲಿ ಬರೆದಿಡಬೇಕು ಎಂಬ ಷರತ್ತುಗಳೊಂದಿಗೆ. ಆದೇಶದಲ್ಲಿ ಪ್ರತಿ ಷರತ್ತಿಗೂ ಕಾರಣ ಬರೆದಿದ್ದರು.

ಈ ಪದ್ಧತಿಯ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣುವುದು ಲಂಡನ್ನಿನ ಇಸ್ಲಿಂಗ್ಟನ್ ಕೌನ್ಸಿಲ್ ಮತ್ತು ಫ್ಯಾಬ್ರಿಕ್ ನೈಟ್‌ಕ್ಲಬ್ಬಿನ ವ್ಯಾಜ್ಯದಲ್ಲಿ. ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಎದುರಿಗೆ 1999ರಲ್ಲಿ ಆರಂಭವಾದ ಈ ಕ್ಲಬ್ಬಿನಲ್ಲಿ 2016ರ ಬೇಸಿಗೆಯಲ್ಲಿ ಮಾದಕ ವಸ್ತು ಸೇವಿಸಿದ 18 ವರ್ಷದ ಇಬ್ಬರು ಹುಡುಗರು ಎರಡು ತಿಂಗಳ ಅಂತರದಲ್ಲಿ ತೀರಿಕೊಂಡರು. ಪೊಲೀಸರ ಮನವಿಯ ಮೇರೆಗೆ ಕೌನ್ಸಿಲ್ ಮೊದಲು ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಸೆಪ್ಟೆಂಬರ್‌ನಲ್ಲಿ ತಡರಾತ್ರಿಯವರೆಗೂ ವಿಚಾರಣೆ ನಡೆಸಿ ಅದನ್ನು ರದ್ದುಮಾಡಿತು. ಬಾಗಿಲಲ್ಲಿ ನಡೆಯುವ ತಪಾಸಣೆ ಸಾಲದು ಎಂಬುದು ಮುಖ್ಯ ಕಾರಣವಾಗಿತ್ತು. ಲಕ್ಷಕ್ಕೂ ಹೆಚ್ಚು ಜನ ಕ್ಲಬ್ಬಿನ ಪರವಾಗಿ ಸಹಿ ಹಾಕಿದರು. ಅವರ ಸಿಟ್ಟಿಗೆ ಕಾರಣವೂ ಇತ್ತು: ಹಿಂದಿನ ವರ್ಷವಷ್ಟೇ ನ್ಯಾಯಾಧೀಶರೊಬ್ಬರು ಇದೇ ಕ್ಲಬ್ಬಿನ ವ್ಯವಸ್ಥೆ ಉಳಿದವರಿಗೆ ಮಾದರಿ ಎಂಬರ್ಥದ ಮಾತು ಹೇಳಿ, ಕೌನ್ಸಿಲ್ ಕೇಳಿದ್ದ ಶ್ವಾನ ತಪಾಸಣೆಯ ಷರತ್ತನ್ನು ತೆಗೆದುಹಾಕಿದ್ದರು.

ಮೇಲ್ಮನವಿಯ ವಿಚಾರಣೆಗೆ ಮೊದಲೇ, ನವೆಂಬರ್‌ನಲ್ಲಿ, ಎರಡೂ ಕಡೆಯವರು ಒಂದು ಒಪ್ಪಂದಕ್ಕೆ ಬಂದರು. ವಾರಾಂತ್ಯದ ರಾತ್ರಿಗಳಲ್ಲಿ 19 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ, ಬಾಗಿಲಲ್ಲಿ ಗುರುತಿನ ಚೀಟಿಯ ಸ್ಕ್ಯಾನ್, ಮಾದಕ ವಸ್ತು ಹೊಂದಿ ಸಿಕ್ಕಿಬಿದ್ದವರಿಗೆ ಆಜೀವ ನಿಷೇಧ, ಒಳಗೆ ಹೆಚ್ಚು ಬೆಳಕು, ಹೊಸ ಭದ್ರತಾ ಸಂಸ್ಥೆ. 2017ರ ಜನವರಿಯಲ್ಲಿ ಕ್ಲಬ್ ಮತ್ತೆ ತೆರೆಯಿತು. ಕೌನ್ಸಿಲ್ ಮೊದಲ ವಿಚಾರಣೆಯಲ್ಲೇ ಈ ಷರತ್ತುಗಳನ್ನು ವಿಧಿಸಿದ್ದರೆ ನೂರಾರು ಜನರ ಕೆಲಸಕ್ಕೆ ಸಂಚಕಾರ ಬರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಇಬ್ಬರು ಮಕ್ಕಳನ್ನು ಕಳೆದುಕೊಂಡ ಊರಿನ ಪ್ರತಿನಿಧಿಗಳು ಏನೂ ಆಗಿಲ್ಲವೆಂಬಂತೆ ಕೂರಲಾಗದು. ತೂಗಿ ನೋಡುವ ಕೆಲಸ ಒಂದೇ ಸಲಕ್ಕೆ ಸರಿಹೋಗದಿದ್ದರೂ, ಅದನ್ನು ತಿದ್ದಿಕೊಳ್ಳುವ ದಾರಿ ಕಾಯ್ದೆಯಲ್ಲೇ ಇತ್ತು ಎಂಬುದು ಮುಖ್ಯ. ಇನ್ನೊಂದು ಕಡೆ, 2008ರಲ್ಲಿ ಇಂಗ್ಲೆಂಡಿನ ವಿರಲ್ ಪ್ರದೇಶದ ಒಂದು ಪಬ್ಬಿನ ಪ್ರಕರಣದಲ್ಲಿ ಹೈಕೋರ್ಟ್, ಪುರಾವೆಯಿಲ್ಲದೆ ಬರಿಯ ಆತಂಕದಿಂದ ವ್ಯಾಪಾರದ ಸಮಯ ಕಡಿತಗೊಳಿಸುವುದು ಸಲ್ಲದು ಎಂದು ಸ್ಪಷ್ಟಪಡಿಸಿತು. ಸುರಕ್ಷತೆಯ ಹೆಸರು ಹೇಳಿದ ಮಾತ್ರಕ್ಕೆ ಕೌನ್ಸಿಲ್ ಗೆಲ್ಲುವುದಿಲ್ಲ.

ಬೆಂಗಳೂರಿನಲ್ಲಿ ಕಾಗದಗಳಿಗೆ ಕೊರತೆಯಿಲ್ಲ. ಪಾಲಿಕೆಯ ಉದ್ದಿಮೆ ಪರವಾನಗಿ, ಅಬಕಾರಿ ಇಲಾಖೆಯ ಸನ್ನದು, ಪೊಲೀಸ್ ಕಮಿಷನರ್ ಅವರ ಲೈಸೆನ್ಸ್, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಹೀಗೆ ಒಂದೊಂದು ಒಂದೊಂದು ಮೇಜಿನಲ್ಲಿ. ಆದರೆ ಇವೆಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು, ಅಕ್ಕಪಕ್ಕದವರನ್ನೂ ಕರೆದು, ಈ ಕಟ್ಟಡದಲ್ಲಿ ಈ ವ್ಯಾಪಾರ ಸುರಕ್ಷಿತವೇ ಎಂದು ಕೇಳುವ ಜಾಗ ಎಲ್ಲಿದೆ? 2018ರ ಜನವರಿ 8ರ ನಸುಕಿನಲ್ಲಿ ಕಲಾಸಿಪಾಳ್ಯದ ಕೈಲಾಶ್ ಬಾರ್‌ಗೆ ಬೆಂಕಿ ಬಿದ್ದು, ಒಳಗೇ ಮಲಗಿದ್ದ ಐವರು ಕೆಲಸಗಾರರು ಸತ್ತರು. ಅದಕ್ಕೆ ಹತ್ತು ದಿನ ಮೊದಲು ಮುಂಬೈಯ ಕಮಲಾ ಮಿಲ್ಸ್ ಆವರಣದಲ್ಲಿ ಬೆಂಕಿಗೆ ಸಿಕ್ಕಿ 14 ಮಂದಿ ಸತ್ತಿದ್ದರಿಂದ ತಪಾಸಣೆಯ ಮಾತು ಎಲ್ಲೆಡೆ ಕೇಳುತ್ತಲೇ ಇತ್ತು. ತಪಾಸಣೆಯ ಅಬ್ಬರ ದುರಂತದ ಬೆನ್ನಿಗೆ ಬರುತ್ತದೆ, ಕೆಲವು ದಿನ ನೋಟಿಸು, ಬೀಗ, ದಂಡ. ಆಮೇಲೆ ಎಲ್ಲವೂ ಮೊದಲಿನಂತೆ. ದುಡಿದು ದಣಿದವರನ್ನು ಬಾಗಿಲು ಹಾಕಿದ ಅಂಗಡಿಯೊಳಗೆ ಮಲಗಿಸಬಾರದು ಎಂಬ ಒಂದು ಸಾಲಿನ ಷರತ್ತನ್ನು ಬರೆಯುವುದಕ್ಕೆ ದೊಡ್ಡ ತಜ್ಞರು ಬೇಕಿಲ್ಲ. ಬರೆಯುವ ಹೊಣೆ ಯಾರದೋ ಒಬ್ಬರದಾಗಿರಬೇಕು, ಅಷ್ಟೆ.

ಕಾರ್ಪೊರೇಟರ್‌ಗಳ ಕೈಗೆ ಈ ಅಧಿಕಾರ ಕೊಟ್ಟರೆ ಮಾಮೂಲು ಇನ್ನೂ ಹೆಚ್ಚಾಗುತ್ತದೆ ಎಂದು ಊರಿನ ಗೆಳೆಯರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಮಾಮೂಲು ಬೆಳೆಯುವುದು ಮುಚ್ಚಿದ ಕೋಣೆಯಲ್ಲಿ. ದೂರು, ಉತ್ತರ, ಆದೇಶ, ಕಾರಣ ಎಲ್ಲವೂ ಯಾರು ಬೇಕಾದರೂ ನೋಡಬಹುದಾದ ದಾಖಲೆಯಾದರೆ ಅದಕ್ಕೆ ಜಾಗ ಕಿರಿದಾಗುತ್ತದೆ. ಇಂಗ್ಲೆಂಡಿನ ಕೌನ್ಸಿಲ್‌ಗಳು ಎಲ್ಲದರಲ್ಲೂ ಆದರ್ಶ ಎಂದು ನಾನು ಹೇಳುತ್ತಿಲ್ಲ. 2017ರ ಜೂನ್‌ನಲ್ಲಿ ಕೌನ್ಸಿಲ್‌ಗೆ ಸೇರಿದ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡ ಹೊತ್ತಿ ಉರಿದು 72 ಜನ ಸತ್ತ ನಗರ ಲಂಡನ್. ಅಲ್ಲಿನ ನಿವಾಸಿಗಳು ಅಪಾಯದ ಬಗ್ಗೆ ಮೊದಲೇ ಎಚ್ಚರಿಸಿದ್ದರು, ಕೇಳುವವರು ಇರಲಿಲ್ಲ. ಮಾತು ಕೇಳುವ ಕಡ್ಡಾಯ ವೇದಿಕೆಯೊಂದು ಎಷ್ಟು ಅಗತ್ಯ ಎಂಬುದಕ್ಕೆ ಅದಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ.

2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ಲಿನ ಅವಧಿ ಮುಗಿಯಿತು. 2025ರಲ್ಲಿ ಪಾಲಿಕೆ ಐದಾಗಿ ಒಡೆಯುವವರೆಗೂ ಚುನಾವಣೆಯೇ ನಡೆಯಲಿಲ್ಲ. ಪರವಾನಗಿಯ ವಿಷಯದಲ್ಲಿ ನಾಗರಿಕನು ಪ್ರಶ್ನಿಸಬಹುದಾದ ಚುನಾಯಿತ ಪ್ರತಿನಿಧಿ ಪಾಲಿಕೆಯಲ್ಲಿ ಐದು ವರ್ಷ ಇರಲೇ ಇಲ್ಲ. ಹೊಸ ಪಾಲಿಕೆಗಳು ತಮ್ಮ ಉಪವಿಧಿಗಳನ್ನು ಬರೆದುಕೊಳ್ಳುವಾಗ ಇಂಗ್ಲೆಂಡಿನ ಕಾಯ್ದೆಯನ್ನು ಇಡಿಯಾಗಿ ತರಬೇಕಿಲ್ಲ. ಅರ್ಜಿಯ ವಿವರ ಅಂಗಡಿಯ ಬಾಗಿಲ ಮೇಲೆ ಕನ್ನಡದಲ್ಲಿ ಅಂಟಿಸಿರಬೇಕು. ಲಿಖಿತ ದೂರು ಬಂದ ಪ್ರತಿ ಪಬ್ಬು, ಬಾರು, ಗೋದಾಮಿನ ಪರವಾನಗಿಯನ್ನು ನವೀಕರಿಸುವ ಮೊದಲು ಅಗ್ನಿಶಾಮಕ ಅಧಿಕಾರಿಯನ್ನೂ ನೆರೆಯವರನ್ನೂ ಎದುರಿಗೆ ಕೂರಿಸಿ ವಿಚಾರಣೆ ನಡೆಸಬೇಕು. ರದ್ದತಿಗೆ ಮೊದಲು ಷರತ್ತು, ಸಮಯ ಕಡಿತ, ತಾತ್ಕಾಲಿಕ ಅಮಾನತು ಎಂಬ ಮೆಟ್ಟಿಲುಗಳಿರಬೇಕು. ಇಷ್ಟನ್ನು ಮೊದಲು ಕಲಾಸಿಪಾಳ್ಯ, ಚಿಕ್ಕಪೇಟೆ, ಕೋರಮಂಗಲಗಳಂಥ ಒತ್ತೊತ್ತಾದ ವಾರ್ಡುಗಳಿಂದ ಶುರುಮಾಡಲು ಪಾಲಿಕೆಗಳಿಗೆ ಅಡ್ಡಿಯೇನೂ ನನಗೆ ಕಾಣುತ್ತಿಲ್ಲ.