ಗುಡಿಸುವ ಹಾಗಿಲ್ಲ, ಮೆಟ್ಟುವ ಹಾಗಿಲ್ಲ

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಊಟ ಆದ ಮೇಲೆ ಬಾಯಿಗೆ ಏನು ಅಂತ ಯಾರೂ ಕೇಳುವುದಿಲ್ಲ. ಅಡಿಕೆ ತೋಟದ ನಡುವೆ ಮನೆ ಕಟ್ಟಿಕೊಂಡವರಿಗೆ ಎಲೆ ಅಡಿಕೆ ಬಿಟ್ಟು ಬೇರೆ ಯೋಚನೆ ಬರುವುದಾದರೂ ಹೇಗೆ? ಹೋಟೆಲಿನಲ್ಲಿ ಬಿಲ್ಲಿನ ಜೊತೆ ಬರುವ ಬಣ್ಣ ಬಣ್ಣದ ಜೀರಿಗೆ ಮಿಠಾಯಿ ಮಕ್ಕಳ ಪಾಲು.

ಇಂಥ ಮನೆಗೆ ಅಪ್ಪಚ್ಚಿ, ಅಂದರೆ ನಮ್ಮ ಚಿಕ್ಕಪ್ಪ, ಅಯೋಧ್ಯೆಯಿಂದ ಇಲಾಯ್ಚಿ ದಾಣಾ ತಂದರು, ಸಕ್ಕರೆ ಮೆತ್ತಿದ ಏಲಕ್ಕಿ ಬೀಜ. 2024ರಲ್ಲಿ ಬಾಗಿಲು ತೆರೆದ ರಾಮಮಂದಿರದಲ್ಲಿ ಪ್ರಸಾದ ಅಂತ ಕೊಡುವುದು ಇದನ್ನೇ. ಆ ಪೊಟ್ಟಣ ನೆಂಟರಿಗೆಲ್ಲ ಸಾಲದು ಅಂತ ಅಂಗಡಿಯಿಂದಲೂ ದೊಡ್ಡ ಪ್ಯಾಕೆಟ್ ತಂದು, ಎರಡನ್ನೂ ಒಂದೇ ಡಬ್ಬಕ್ಕೆ ಸುರಿದುಬಿಟ್ಟಿದ್ದರು. ದೇಶದ ಹೆಚ್ಚಿನ ಏಲಕ್ಕಿ ಬೆಳೆಯುವುದು ನಮ್ಮದೇ ಕೇರಳದ ಇಡುಕ್ಕಿಯಲ್ಲಿ. ಅದನ್ನು ಅಷ್ಟು ದೂರದಿಂದ ಹೊತ್ತು ತರುವ ಉತ್ಸಾಹ ಅಪ್ಪಚ್ಚಿಗೇ ಬರಬೇಕು.

ನೋಡಲು ಬಿಳಿ ಬಿಳಿ ಸಣ್ಣ ಗುಂಡು. ಏಲಕ್ಕಿಯ ಕಪ್ಪು ಬೀಜವನ್ನು ಬಿಸಿ ಬಾಣಲೆಯಲ್ಲಿ ಆಡಿಸುತ್ತಾ ಸ್ವಲ್ಪ ಸ್ವಲ್ಪವೇ ಸಕ್ಕರೆ ಪಾಕ ಹಾಕುತ್ತಾರೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಸಕ್ಕರೆ ಕರಗಿ ಬೀಜ ಸಿಕ್ಕಿದಾಗ ಬಾಯೆಲ್ಲ ಘಮ್ ಅನ್ನುತ್ತದೆ. (ಕಡಿಮೆ ಬೆಲೆಯದ್ದರಲ್ಲಿ ಎಷ್ಟೋ ಸಲ ಬೀಜವೇ ಇರುವುದಿಲ್ಲ, ಬರೀ ಎಸೆನ್ಸು.) ಇದನ್ನು ಚೀಪಬೇಕು. ಭಾವ ಕಟಕ್ ಅಂತ ಕಚ್ಚಿದರು, ಹಲ್ಲಿನ ಮೂಲೆ ಹಾರಿತು. ಇಷ್ಟು ವರ್ಷ ಅಡಿಕೆಗೆ ಜಗ್ಗದ ಹಲ್ಲು!

ಅದಾಗಿ ಸತ್ಯನಾರಾಯಣ ಪೂಜೆ ಬಂತು. ಊಟ ಮುಗಿದ ಮೇಲೆ ಅಪ್ಪಚ್ಚಿ ಹರಿವಾಣದಲ್ಲಿ ವೀಳ್ಯದೆಲೆ ಪಕ್ಕ ದಾಣಾ ರಾಶಿ ಹಾಕಿಕೊಂಡು ಜಗಲಿಗೆ ಹೊರಟರು. ಮಗುವೊಂದು ಕಾಲಿಗೆ ಅಡ್ಡ ಬಂತು, ಹರಿವಾಣ ವಾಲಿತು. ಮೊದಲೇ ಉಜ್ಜಿ ಉಜ್ಜಿ ಹೊಳೆಯುವ ಕೆಂಪು ನೆಲ, ಗುಂಡುಗಳು ಟಣಟಣ ಅನ್ನುತ್ತಾ ಕುರ್ಚಿಯಡಿ, ಚಾಪೆಯಡಿ, ಹೊಸಿಲು ದಾಟಿ ಚಪ್ಪಲಿಗಳವರೆಗೂ ಹೋದವು.

"ಮೆಟ್ಟಬೇಡಿ, ಪ್ರಸಾದ!" ಅಂತ ದೊಡ್ಡಮ್ಮ ಕೂಗಿದ್ದೇ ತಡ, ಯಕ್ಷಗಾನದಲ್ಲಿ ಭಾಗವತರು ಪದ ನಿಲ್ಲಿಸಿದಾಗ ವೇಷಗಳು ನಿಲ್ಲುವ ಹಾಗೆ ಎಲ್ಲರೂ ನಿಂತಲ್ಲೇ ನಿಂತರು. ಭಾವನ ಒಂದು ಕಾಲು ಗಾಳಿಯಲ್ಲೇ ಇತ್ತು. ಅತ್ತೆ ಗುಡಿಸಲು ಹಿಡಿಸೂಡಿ ತಂದರು. "ಪ್ರಸಾದಕ್ಕೆ ಹಿಡಿಸೂಡಿಯಾ?" ಅಂತ ಅವರಿಗೂ ಬೈಗುಳ.

"ಅರ್ಧ ಅಂಗಡಿಯದ್ದಲ್ವಾ ದೊಡ್ಡಮ್ಮ" ಅಂದೆ.

"ಹಾಗಾದ್ರೆ ಅಂಗಡಿಯದ್ದು ಬಿಟ್ಟು ಪ್ರಸಾದದ್ದು ಮಾತ್ರ ಹೆಕ್ಕು ನೋಡುವ."

ಕೊನೆಗೆ ಪಟ್ಟೆ ಸೀರೆ, ಜರಿ ಪಂಚೆಯವರೆಲ್ಲ ಮಂಡಿಯೂರಿ ಹೆಕ್ಕಿದ್ದೇ ಹೆಕ್ಕಿದ್ದು. ಹೆಕ್ಕಿದ್ದೆಲ್ಲ ತುಳಸಿ ಬುಡಕ್ಕೆ ಹೋಯಿತು. ಅಪ್ಪಚ್ಚಿ ಒಂದನ್ನೂ ಹೆಕ್ಕಲಿಲ್ಲ, ಸೊಂಟ ನೋವಂತೆ. ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಮುಂದಿನ ಸಲ ಮಥುರೆಗೆ ಹೋಗಿ ಪೇಡೆ ತರುತ್ತೇನೆ. ಅದು ಉರುಳುವುದಿಲ್ಲ."

ಭಾವ ಕೆನ್ನೆ ಹಿಡಿದುಕೊಂಡು ತಲೆ ಆಡಿಸಿದರು.