ಇವನು ಊಟ ಮಾಡ್ತಾನಾ?

ಕೆಲವು ವರ್ಷಗಳ ಹಿಂದೆ ಒಂದು ಕತೆ ಬರೆದೆ. ನಾಯಕನ ಹೆಸರು ಆದಿತ್ಯ. ಎತ್ತರದ ಆಳು, ಮಾತು ಕಮ್ಮಿ, ಕಣ್ಣಲ್ಲಿ ಏನೋ ನೋವು. ಆಗಾಗ ಕಿಟಕಿಯ ಹತ್ತಿರ ನಿಂತು ಮಳೆ ನೋಡುತ್ತಿದ್ದ. ಹನ್ನೊಂದು ಪುಟ ಪ್ರಿಂಟ್ ತೆಗೆದು ಅಮ್ಮನಿಗೆ ಕೊಟ್ಟೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಇವನು ಊಟ ಮಾಡ್ತಾನಾ?”

ತಿರುವಿಹಾಕಿ ನೋಡಿದೆ. ಹನ್ನೊಂದು ಪುಟದಲ್ಲಿ ಅವನು ಒಂದು ಲೋಟ ನೀರೂ ಕುಡಿದಿರಲಿಲ್ಲ. ಮನೆ ಬಾಡಿಗೆ ಕಟ್ಟಿರಲಿಲ್ಲ. ಅಷ್ಟು ಹೊತ್ತು ಮಳೆಗೆ ಮುಖ ಒಡ್ಡಿದರೂ ಒಂದು ಸೀನು ಬಂದಿರಲಿಲ್ಲ!

ಹೆಸರಿಡುವಾಗಲೇ ಎಡವಿದ್ದೆ ಅನಿಸುತ್ತದೆ. ಈರಣ್ಣ ಅಂತ ಇಟ್ಟು ನೋಡಿ, ಅವನ ಹಿಂದೆ ಒಂದು ಊರು ಬರುತ್ತದೆ, ಮನೆದೇವರು ಬರುತ್ತಾನೆ, ಬಾಯಿ ಬಿಟ್ಟರೆ ಒಂದು ಸೀಮೆಯ ಮಾತು ಬರುತ್ತದೆ. ನನ್ನ ಆದಿತ್ಯ ಒಬ್ಬನೇ ಬಂದಿದ್ದ. (ಆ ಹೆಸರಿನವರು ಬೇಜಾರು ಮಾಡಿಕೊಳ್ಳಬಾರದು. ನಿಮಗೂ ಊರಿರುತ್ತದೆ. ನಾನು ವಿಚಾರಿಸಲಿಲ್ಲ, ಅಷ್ಟೇ.)

ನಮಗೆ ನೆನಪಿರುವವರನ್ನೇ ನೋಡಿ. ಕಾರಂತರ ಚೋಮ 1933ರಲ್ಲಿ ಬಂದವನು. ಅವನ ಮೂಗು ಹೇಗಿತ್ತೋ ನನಗೆ ನೆನಪಿಲ್ಲ. ಹಟ್ಟಿಯಲ್ಲಿ ಎತ್ತುಗಳಿವೆ, ಉಳೋಕೆ ತುಂಡು ಗದ್ದೆಯಿಲ್ಲ, ಅವನ ಜಾತಿಯವನಿಗೆ ಕೊಡುವವರೂ ಇಲ್ಲ, ಮನಸ್ಸು ತುಂಬಿ ಬಂದಾಗ ದುಡಿ ಬಡಿಯುತ್ತಾನೆ. ಇದು ಮಾತ್ರ ಮರೆಯುವುದಿಲ್ಲ. 1967ರಲ್ಲಿ ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕೊಟ್ಟರು. ಅದರ ಗುತ್ತಿಯನ್ನು ನೆನೆದರೆ ಹಿಂದೆಯೇ ಹುಲಿಯ ಬರುತ್ತದೆ, ಅವನ ನಾಯಿ. ಹೆಸರೇ ನಾಯಿಗುತ್ತಿ. ನನ್ನ ಆದಿತ್ಯನಿಗೆ ಒಂದು ಬೆಕ್ಕಾದರೂ ಇರಬಾರದಿತ್ತಾ?

ಅವನನ್ನು ಕಿಟಕಿಯ ಹತ್ತಿರವೇ ಬಿಟ್ಟು ಬಸ್ಸಿನಲ್ಲಿ ಜನರನ್ನು ನೋಡತೊಡಗಿದೆ.

ಊರಿಗೆ ಹೋಗುವ ಕೆಂಪು ಬಸ್ಸು. ಮುಂದಿನ ಸೀಟಿನಲ್ಲಿ ಅರವತ್ತು ದಾಟಿದ ಒಬ್ಬರು. ಇಸ್ತ್ರಿ ಮಾಡಿದ ಷರಟು, ಕಾಲರ್ ಕೊಳೆಯಾಗದಂತೆ ಕತ್ತಿನ ಸುತ್ತ ಕರ್ಚೀಫು. ಚಿಲ್ಲರೆ ಇಲ್ಲ ಅಂತ ಕಂಡಕ್ಟರು ಟಿಕೆಟ್ಟಿನ ಹಿಂದೆ ‘8’ ಅಂತ ಗೀಚಿ ಕೊಟ್ಟ. ಅಲ್ಲಿಂದ ಅವರ ನೆಮ್ಮದಿ ಹೋಯಿತು. ಟಿಕೆಟ್ಟು ಜೇಬಿಗೆ ಇಳಿಯಲಿಲ್ಲ. ಎರಡು ಬೆರಳ ಸಂದಿಯಲ್ಲಿ, 8 ಹೊರಗೆ ಕಾಣುವ ಹಾಗೆ ಹಿಡಿದುಕೊಂಡರು. ಕಂಡಕ್ಟರು ಪಕ್ಕದಲ್ಲಿ ಹಾದಾಗಲೆಲ್ಲ ಒಂದು ಸಣ್ಣ ಕೆಮ್ಮು. ಇಳಿಯುವುದಕ್ಕೆ ಎರಡು ಸ್ಟಾಪ್ ಇದೆ ಅನ್ನುವಾಗಲೇ ಎದ್ದು ಬಾಗಿಲ ಹತ್ತಿರ ನಿಂತರು. ಮುಖ ಹೊರಗಿನ ಅಡಿಕೆ ತೋಟದ ಕಡೆ, ಟಿಕೆಟ್ಟಿನ ಕೈ ಕಂಡಕ್ಟರ ಕಡೆ. ಬಾಯಿಬಿಟ್ಟು ಕೇಳಲಿಲ್ಲ. ಎಂಟು ರೂಪಾಯಿಗೆ ಇಷ್ಟೊಂದಾ ಅಂತ ಯಾರಾದರೂ ಅಂದುಕೊಂಡಾರು. ಬಿಡಲೂ ಇಲ್ಲ. ಎಂಟು ರೂಪಾಯಿ ಅಲ್ವಾ!

ಅವರನ್ನು ಕತೆಗೆ ಎಳೆದು ತಂದೆ. ರಾಮಚಂದ್ರಯ್ಯ ಅಂತ ಹೆಸರಿಟ್ಟೆ. ಪೋಸ್ಟಾಫೀಸಿನಲ್ಲಿ ಕೂತು ಬೇರೆಯವರ ಮನಿಯಾರ್ಡರ್ ದುಡ್ಡು ಎಣಿಸಿ ರಿಟೈರಾದವರು. ಮಗಳ ಮದುವೆ ಹತ್ತಿರ ಬಂದಿದೆ, ಭಾವನ ಹತ್ತಿರ ಎರಡು ಲಕ್ಷ ಸಾಲ ಕೇಳಬೇಕು. ನಾಲ್ಕನೇ ಪುಟದಲ್ಲಿ ಕೇಳುತ್ತಾರೆ, ಭಾವ ಅವಮಾನ ಮಾಡುತ್ತಾನೆ, ಐದರಲ್ಲಿ ಜಗಳ. ಎಲ್ಲ ಲೆಕ್ಕ ಹಾಕಿಟ್ಟಿದ್ದೆ.

ರಾಮಚಂದ್ರಯ್ಯ ಭಾವನ ಮನೆಗೆ ಹೋದರು. ಉಪ್ಪಿಟ್ಟು ತಿಂದರು. ಕಾಫಿ ಕುಡಿದರು. ಈ ಸಲದ ಮಾವಿನ ಫಸಲಿನ ಬಗ್ಗೆ ಮಾತಾಡಿದರು. ಎದ್ದು ಬಂದುಬಿಟ್ಟರು. ಮೂರು ಸಲ ತಿದ್ದಿ ಬರೆದೆ, ಮೂರು ಸಲವೂ ಅವರ ಬಾಯಲ್ಲಿ ಸಾಲದ ಮಾತು ಹೊರಡಲಿಲ್ಲ. ಒತ್ತಾಯದಿಂದ ಆಡಿಸಿದರೆ ಅದು ಅವರ ಮಾತಿನ ಹಾಗೆ ಕೇಳಿಸುತ್ತಿರಲಿಲ್ಲ, ನಾನೇ ಪರದೆಯ ಹಿಂದೆ ನಿಂತು ಕಿರುಚಿದ ಹಾಗಿತ್ತು. ಎಂಟು ರೂಪಾಯಿ ಕೇಳಲಾರದವರು ಎರಡು ಲಕ್ಷ ಎಲ್ಲಿಂದ ಕೇಳಿಯಾರು? ನನ್ನ ಜಗಳದ ದೃಶ್ಯ ಕೈಬಿಟ್ಟುಹೋಯಿತು. ಅಷ್ಟು ಚೆನ್ನಾಗಿ ಯೋಚಿಸಿಟ್ಟಿದ್ದೆ, ಹೊಟ್ಟೆ ಉರಿಯಿತು. ಕೊನೆಗೆ ಅವರು ಬಸ್ಸಿನ ಬಾಗಿಲ ಹತ್ತಿರ ಟಿಕೆಟ್ ಹಿಡಿದು ನಿಂತಲ್ಲಿಗೇ ಕತೆ ನಿಲ್ಲಿಸಿದೆ.

ಮತ್ತೆ ಅಮ್ಮನಿಗೆ ಕೊಟ್ಟೆ. ಈ ಸಲ ಊಟದ ವಿಷಯ ಬರಲಿಲ್ಲ.

“ಕಂಡಕ್ಟರು ಚಿಲ್ಲರೆ ಕೊಟ್ನಾ?”

“ಗೊತ್ತಿಲ್ಲಮ್ಮ.” ನಿಜವಾಗಿಯೂ ಗೊತ್ತಿರಲಿಲ್ಲ. ಆ ದಿನ ನಾನು ಅವರಿಗಿಂತ ಒಂದು ಸ್ಟಾಪ್ ಮುಂಚೆಯೇ ಇಳಿದಿದ್ದೆ.

“ಬರೆದೋನು ನೀನು, ಗೊತ್ತಿಲ್ಲ ಅಂದ್ರೆ? ಪಾಪ, ಅವರಾಗಿ ಕೇಳೋರಲ್ಲ. ನೀನಾದ್ರೂ ಕಂಡಕ್ಟರಿಗೆ ಒಂದು ಮಾತು ಹೇಳೋದಲ್ವಾ?”