ದೂರು ಅಲ್ಯೂಮಿನಿಯಂ ಮೇಲೆ ಹೊರಿಸಬೇಡಿ

ಅಲ್ಯೂಮಿನಿಯಂ ಎಂಜಿನ್ ಬಾಳಿಕೆ ಬರುವುದಿಲ್ಲ ಎನ್ನುವ ಲೇಖನವೊಂದನ್ನು ಓದಿದೆ. ಅದಕ್ಕೆ ಲೇಖಕರು 1971ರ ಮಾದರಿಯ ಷೆವರ್ಲೆ ವೇಗಾ ಎಂಬ ಅಮೆರಿಕದ ಕಾರನ್ನು ಸಾಕ್ಷಿಗೆ ನಿಲ್ಲಿಸಿದ್ದಾರೆ. ಆ ಎಂಜಿನ್ ಕೆಟ್ಟಿದ್ದು ನಿಜ. ಆದರೆ ಯಾಕೆ ಕೆಟ್ಟಿತು ಎಂಬುದನ್ನು ಪೂರ್ತಿ ಹೇಳಿಲ್ಲ.

ವೇಗಾದ 2.3 ಲೀಟರ್ ಎಂಜಿನ್ನಿನ ಬ್ಲಾಕು, ಅಂದರೆ ಸಿಲಿಂಡರ್‌ಗಳಿರುವ ಮುಖ್ಯ ಒಡಲು, ಸುಮಾರು ಶೇ 17ರಷ್ಟು ಸಿಲಿಕಾನ್ ಬೆರೆತ ಅಲ್ಯೂಮಿನಿಯಂನದು, ಸಿಲಿಂಡರ್ ಒಳಗೆ ಕಬ್ಬಿಣದ ಲೈನರ್ (ಒಳಗವಚ) ಇರಲಿಲ್ಲ. ಸಿಲಿಂಡರ್ ಗೋಡೆಯನ್ನು ನುಣುಪು ಮಾಡಿ, ಮೇಲ್ಪದರದ ಅಲ್ಯೂಮಿನಿಯಂ ಅನ್ನು ತುಸುವೇ ಕರಗಿಸಿ ತೆಗೆದರೆ ಗಟ್ಟಿ ಸಿಲಿಕಾನ್ ಕಣಗಳು ಎದ್ದು ನಿಲ್ಲುತ್ತವೆ. ಕಬ್ಬಿಣ ಲೇಪಿಸಿದ ಪಿಸ್ಟನ್ ಓಡಾಡುವುದು ಆ ಕಣಗಳ ಮೇಲೆ. ಎಂಥ ಸೊಗಸಾದ ಕೆಲಸ! ಎಡವಿದ್ದು ಉಳಿದ ಕಡೆ. ರೇಡಿಯೇಟರ್ ಚಿಕ್ಕದು, ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಎರಕದ ಕಬ್ಬಿಣದ್ದು. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಇಳಿದು ಎಂಜಿನ್ ಕಾದಾಗ ಸಿಲಿಂಡರ್ ಸೊಟ್ಟಗಾಗಿ, ಗೋಡೆ ಗೀರಿಹೋಗಿ, ಆಯಿಲ್ ಕುಡಿಯುವುದು ಶುರುವಾಗುತ್ತಿತ್ತು. ವಾಲ್ವ್ ಮೂಲಕ ಆಯಿಲ್ ಒಳಗಿಳಿಯದಂತೆ ತಡೆಯುವ ಸೀಲುಗಳೂ ಕೈಕೊಟ್ಟವು. ಅದೇ ಬಗೆಯ ಮಿಶ್ರಲೋಹದ, ಲೈನರ್ ಇಲ್ಲದ ಬ್ಲಾಕನ್ನೇ ಪೋರ್ಷೆಯವರು ತಮ್ಮ 928 ಎಂಬ ಕಾರಿಗೆ ಹಾಕಿದರು. ಆ ಕಾರು 1995ರವರೆಗೆ ತಯಾರಾಯಿತು.

ಈಗ ನಮ್ಮ ರಸ್ತೆಯಲ್ಲಿರುವ ಎಷ್ಟೋ ಪೆಟ್ರೋಲ್ ಕಾರುಗಳದ್ದು ಅಲ್ಯೂಮಿನಿಯಂ ಬ್ಲಾಕೇ, ಒಳಗೆ ತೆಳ್ಳನೆಯ ಕಬ್ಬಿಣದ ಲೈನರ್. ದಯವಿಟ್ಟು ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯಬೇಡಿ, ಕಂಪನಿ ಹೇಳಿದ ಕೂಲಂಟನ್ನೇ ಹಾಕಿ. ಟೆಂಪರೇಚರ್ ಮುಳ್ಳು ಮೇಲೇರಿದ ಮೇಲೂ ‘ಇನ್ನೇನು ಊರು ಬಂತು’ ಅಂತ ಓಡಿಸಿದರೆ ಹೆಡ್ ಬೆಂಡಾಗುತ್ತದೆ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹೋಗುತ್ತದೆ. ಲೇಖನದಲ್ಲಿ ಇದಕ್ಕೆ ಒಂದು ಸಾಲಾದರೂ ಜಾಗ ಕೊಡಬೇಕಿತ್ತು.